ಫಾರ್ಟಿಫೈವ್ ಗೌಡ್ರು

ಹುಣಸೂರು, ಪಿರಿಯಾಪಟ್ಟಣ, ಕೋಟೆ, ಕೆ.ಆರ್. ನಗರ, ಈ ನಾಲ್ಕು ತಾಲ್ಲೂಕಿನ ಯಾವ ಊರಿಗೆ ಹೋದರೂ ವಿಚಾರಿಸುವುದನ್ನೇ ಬೇಸಾಯ ಮಾಡಿಕೊಂಡ ಒಬ್ಬರು ಸಿಗುತ್ತಾರೆ. ಇವರು ಏನನ್ನೂ ಕೊಳ್ಳುವುದಿಲ್ಲ. ಆದರೆ ಕೊಳ್ಳಬಹುದಾದ ಪ್ರತಿಯೊಂದರ ರೇಟು, ರಿಪೇರಿ ಖರ್ಚು, ಮಾರಿದರೆ ಎಷ್ಟು ಬರುತ್ತದೆ ಎಂಬುದು ಇವರ ನಾಲಿಗೆಯ ತುದಿಯಲ್ಲಿರುತ್ತದೆ. ಟ್ರ್ಯಾಕ್ಟರ್ ಷೋರೂಮಿನ ಹುಡುಗರು ಇವರ ಬೈಕಿನ ಸದ್ದು ಕೇಳುತ್ತಲೇ ಊಟಕ್ಕೆ ಎದ್ದು ಹೋಗುತ್ತಾರೆ, ಗಂಟೆ ಹತ್ತೂವರೆಯಾಗಿದ್ದರೂ.

ನಮ್ಮ ಗುರುಪುರದ ಕಡೆಯ ಗೌಡ್ರು ಈ ಪಂಗಡದ ಹಿರಿಯರು. ಬೋರ್‌ವೆಲ್ ಮೋಟಾರು, ಸೋಲಾರ್ ಬೇಲಿ, ಸೀಮೆ ಹಸು ಎಲ್ಲ ವಿಚಾರಿಸಿ ಮುಗಿದ ಮೇಲೆ ಇವರ ಕಣ್ಣು ಬಿದ್ದದ್ದು ಪಿಸ್ತೂಲಿನ ಮೇಲೆ. ಅದೂ ಗುರಿಯಿಟ್ಟು ಹೊಡೆಯುವ ಆಟಕ್ಕೆ, ಅದೂ ಪಾಯಿಂಟ್ ಫಾರ್ಟಿಫೈವ್, ಅದೂ "ಕೊಟ್ಟ ಕಾಸ್ಗೆ ಮೋಸ ಇಲ್ದಂಗೆ".

ಇದಕ್ಕೆಲ್ಲ ಕಾರಣ 2024ರ ಪ್ಯಾರಿಸ್ ಒಲಿಂಪಿಕ್ಸು. ಗುರುಪುರದ ಟಿಬೆಟನ್ ಕ್ಯಾಂಪಿನ ಹೋಟೆಲಿನಲ್ಲಿ ತುಕ್ಪ ಕುಡಿಯುತ್ತ ಕೂತಿದ್ದಾಗ ಪಕ್ಕದ ಟೇಬಲ್ಲಿನ ಹುಡುಗರು ಮೊಬೈಲಿನಲ್ಲಿ ತುರ್ಕಿಯ ಯೂಸುಫ್ ಡಿಕೆಚ್‌ನನ್ನು ತೋರಿಸಿದರು. ಐವತ್ತೊಂದು ವರ್ಷದ ಮನುಷ್ಯ. ಬೇರೆಯವರ ಹಾಗೆ ಕಣ್ಣಿಗೆ ಮುಚ್ಚಳ, ವಿಶೇಷ ಗಾಜು ಏನಿಲ್ಲ. ಮನೆಯಲ್ಲಿ ಪೇಪರ್ ಓದುವಂಥ ಕನ್ನಡಕ ಹಾಕಿಕೊಂಡು, ಎಡಗೈ ಪ್ಯಾಂಟಿನ ಜೇಬಿಗಿಳಿಸಿ, ಬಸ್ಸು ಕಾಯುವವನಂತೆ ನಿಂತು ಮಿಶ್ರ ತಂಡದ ಬೆಳ್ಳಿ ಹೊಡೆದ. ಅದೇ ಸ್ಪರ್ಧೆಯಲ್ಲಿ ಕಂಚು ನಮ್ಮ ಮನು ಭಾಕರ್ ಮತ್ತು ಸರಬ್‌ಜೋತ್ ಸಿಂಗ್ ಅವರದು. ಅದು ಗೌಡ್ರ ಕಿವಿಗೆ ಬೀಳಲೇ ಇಲ್ಲ.

"ನನ್ ವಯಸ್ನೋನೆ ಕಣಯ್ಯ" ಎಂದರು. ಅಲ್ಲಿಂದ ಶುರು.

ತಾಲೀಮಿಗೆ ಆರಿಸಿಕೊಂಡದ್ದು ಹೊಗೆಸೊಪ್ಪಿನ ಬ್ಯಾರನ್ ಹಿಂದಿನ ಜಾಗ. ಪಿಸ್ತೂಲಿನ ಬದಲಿಗೆ ಒಂದು ಕೆಜಿ ತೂಕದ ಕಲ್ಲು. ಬಲಗೈ ನೇರ ಚಾಚಿ ಕಲ್ಲು ಹಿಡಿದರು. ಎಡಗೈ ಜೇಬಿಗೆ ಹೋಗಬೇಕು. ಪಂಚೆಗೆಲ್ಲಿ ಜೇಬು? ಒಳಗಿನ ಪಟ್ಟಾಪಟ್ಟಿ ಚಡ್ಡಿಗಿದೆ. ಪಂಚೆ ಮೇಲೆತ್ತಿ, ಚಡ್ಡಿ ಜೇಬಿಗೆ ಕೈ ತೂರಿಸಿ, ಒಂದು ಕಣ್ಣು ಮುಚ್ಚಿ ನಿಂತಾಗ ಹಿತ್ತಲಿಗೆ ಬಂದ ಗೌಡ್ತಿ ನೋಡಿದರು. "ಅದೇನ್ ಕಳ್ಕಂಡ್ರಿ ಅಂತ ಹಿಂಗ್ ಹುಡುಕ್ತಿದ್ದೀರಿ?"

ಕೋವಿ ಎಂಬುದು ಈ ಮನೆಗೆ ಹೊಸದಲ್ಲ. ನಾಗರಹೊಳೆ ಪಕ್ಕದಲ್ಲೇ ಇರುವುದರಿಂದ ಬೆಳೆ ಕಾಯಲೆಂದು ಗೌಡ್ರ ತಂದೆಯವರ ಕಾಲದಲ್ಲೇ ಲೈಸೆನ್ಸು ಪಡೆದ ಒಂಟಿನಳಿಗೆಯ ಕೋವಿ ಇದೆ. ಇದೆ ಎಂದರೆ, ಹೆಚ್ಚಿನ ಪಾಲು ಪೊಲೀಸ್ ಠಾಣೆಯಲ್ಲಿದೆ. ಚುನಾವಣೆ ಬಂತೆಂದರೆ ಕೋವಿ ಠಾಣೆಗೆ ಒಪ್ಪಿಸಬೇಕಲ್ಲ. ಹುಣಸೂರಿನವರ ಅದೃಷ್ಟ ನೋಡಿ: 2018ರ ಮೇನಲ್ಲಿ ವಿಧಾನಸಭೆ, 2019ರ ಏಪ್ರಿಲ್‌ನಲ್ಲಿ ಲೋಕಸಭೆ, ಅದೇ ಡಿಸೆಂಬರ್‌ನಲ್ಲಿ ಉಪಚುನಾವಣೆ. ಆನೆ ಬಂದ ದಿನ ಕೋವಿ ಮನೆಯಲ್ಲಿರಲಿಲ್ಲ, ಕೋವಿ ಇದ್ದ ದಿನ ಆನೆ ಬರಲಿಲ್ಲ. ಪಕ್ಕದ ಕೊಡಗಿನ ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದಲೇ ವಿನಾಯಿತಿ ಇದೆ ಎಂಬುದು ಗೌಡ್ರಿಗೆ ಹಳೆಯ ಸಂಕಟ. ಕೈಲ್‌ಪೋದು ಹಬ್ಬದಲ್ಲಿ ಅಲ್ಲಿ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ ನೋಡಲು ಒಮ್ಮೆ ಹೋಗಿದ್ದರು. ಹೆಂಗಸರೂ ಕೋವಿ ಎತ್ತಿ ಕಾಯಿ ಒಡೆಯುವುದನ್ನು ಎಲ್ಲರೂ ಬಾಯಿ ಬಿಟ್ಟು ನೋಡುತ್ತಿದ್ದರೆ ಇವರು ಸಂಘಟಕರನ್ನು ಹಿಡಿದು, ಕಾಯಿ ಎಷ್ಟಕ್ಕೆ ತಂದಿರಿ, ಒಡೆದದ್ದು ಯಾರಿಗೆ ಸೇರುತ್ತದೆ ಎಂದು ವಿಚಾರಿಸಿಕೊಂಡು ಬಂದರು.

ಮೈಸೂರಿನ ಕೋವಿ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ನಾನು ಹೈಸ್ಕೂಲು ಮೇಷ್ಟ್ರು, ಇಂಗ್ಲಿಷು ಬರುತ್ತದೆ ಎಂಬ ಕಾರಣಕ್ಕೆ. ಅಂಗಡಿಯವರು ಅಚ್ಚ ಕನ್ನಡದಲ್ಲೇ ಮಾತಾಡಿದರು. "ಲೈಸೆನ್ಸ್ ತಂದಿದ್ದೀರಾ?" ಅದು ಮೊದಲ ಪ್ರಶ್ನೆ. ಗೌಡ್ರ ಮೊದಲ ಪ್ರಶ್ನೆ ಬೇರೆ ಇತ್ತು: "ಹಳೇ ಒಂಟಿನಳಿಗೆ ಅದೆ. ಎಕ್ಸ್‌ಚೇಂಜ್‌ಗೆ ಏನ್ ಹಿಡ್ಕತೀರಿ?"

ಅಂಗಡಿಯವರು ತಾಳ್ಮೆಯವರು. ಪಿಸ್ತೂಲಿಗೆ ಜಿಲ್ಲಾಧಿಕಾರಿ ಕಚೇರಿಗೆ ಬೇರೆ ಅರ್ಜಿ ಹಾಕಬೇಕು, ಪೊಲೀಸು ವಿಚಾರಣೆ ಆಗಬೇಕು, ಯಾತಕ್ಕೆ ಬೇಕೆಂದು ಕಾರಣ ಕೊಡಬೇಕು. 2019ರ ತಿದ್ದುಪಡಿಯಾದ ಮೇಲೆ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಆಯುಧ ಇರುವಂತಿಲ್ಲ. ಫಾರ್ಟಿಫೈವ್ ನಮ್ಮಲ್ಲಿಲ್ಲ, ವಿದೇಶಿ ಪಿಸ್ತೂಲು ಸಾಮಾನ್ಯರಿಗೆ ಆಮದಾಗುವುದು ನಿಂತು ದಶಕಗಳಾದವು, ಹಳೆಯವು ಕೈಯಿಂದ ಕೈಗೆ ದಾಟುತ್ತ ಬೆಲೆ ಏರಿಸಿಕೊಂಡಿವೆ. ಬೇಕಾದರೆ ಕಾನ್ಪುರದ ಸರ್ಕಾರಿ ಕಾರ್ಖಾನೆಯ ಪಾಯಿಂಟ್ ಮೂವತ್ತೆರಡರ ರಿವಾಲ್ವರ್ ಇದೆ.

"ಮೂವತ್ತೆರಡಾ?" ಗೌಡ್ರು ನನ್ನ ಮುಖ ನೋಡಿದರು. "ಮೂರ್ ಮಾರ್ಕ್ಸಲ್ಲಿ ಫೇಲು!"

ಆಮೇಲೆ ಶುರುವಾಯಿತು ನಿಜವಾದ ವಿಚಾರಣೆ. ಸ್ಪೇರು ಮೈಸೂರಲ್ಲೇ ಸಿಗುತ್ತದಾ? ಸರ್ವೀಸಿಗೆ ಎಷ್ಟು ಗುಂಡಿಗೊಮ್ಮೆ ಬಿಡಬೇಕು? ಇನ್ಶೂರೆನ್ಸು ಕಟ್ಟುತ್ತಾರಾ? ಐದು ವರ್ಷ ಬಿಟ್ಟು ಕೊಟ್ಟರೆ ಅರ್ಧ ಬರುತ್ತದಾ? ಹಳೆಯ ವಿದೇಶಿ ಪಿಸ್ತೂಲಿನ ಬೆಲೆ ಇಳಿಯುವುದಿಲ್ಲ, ಏರುತ್ತಲೇ ಇರುತ್ತದೆ ಎಂದು ಕೇಳಿದಾಗ ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಮೈಸೂರಿನ ವಿಜಯನಗರ ನಾಲ್ಕನೇ ಹಂತದಲ್ಲಿ ಸೈಟು ಕೊಳ್ಳದೆ ಬಿಟ್ಟುಕೊಟ್ಟ ನೋವು ಇಪ್ಪತ್ತು ವರ್ಷಕ್ಕೆ ಮಾಯುವ ಲಕ್ಷಣ ಕಂಡಿತು.

ಸತ್ಯ ಹೇಳಬೇಕೆಂದರೆ ಗೌಡ್ರ ಆಯ್ಕೆಯಲ್ಲಿ ರುಚಿ ಇಲ್ಲ ಎನ್ನುವಂತಿಲ್ಲ. ಫಾರ್ಟಿಫೈವ್ ಎಂದರೆ ಜಾನ್ ಬ್ರೌನಿಂಗ್ ಎಂಬಾತ ರೂಪಿಸಿದ, 1911ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಪಿಸ್ತೂಲಿನ ಗುಂಡು. 1985ರವರೆಗೂ ಅದೇ ಅವರ ಅಧಿಕೃತ ಪಿಸ್ತೂಲು. ಅಮೆರಿಕದ ಬುಲ್ಸ್‌ಐ ಪಂದ್ಯಗಳಲ್ಲಿ ಫಾರ್ಟಿಫೈವ್‌ಗೆಂದೇ ಒಂದು ಹಂತವಿದೆ. ಆದರೆ ಗೌಡ್ರ ತುರ್ಕಿಯವನು ಹಿಡಿದದ್ದು ಅದಲ್ಲ. ಅವನದು ಗಾಳಿ ಪಿಸ್ತೂಲು, ಅದರ ಕಾಳು ನಾಲ್ಕೂವರೆ ಮಿಲಿಮೀಟರು. ಊರಿಗೆ ಮರಳಿದ ಮೇಲೆ ಇದನ್ನು ಗೌಡ್ರಿಗೆ ಹೇಳಿದೆ.

"ನಾಕೂವರೆ ಅಂದ್ರೆ ನಲವತ್ತೈದೇ ತಾನೆ ಮೇಷ್ಟ್ರೆ? ಚುಕ್ಕಿ ಅತ್ತಿತ್ತ."

ಚುಕ್ಕಿ ಅತ್ತಿತ್ತ ಆದರೆ ಹೊಗೆಸೊಪ್ಪಿನ ಹರಾಜಿನಲ್ಲಿ ಗೌಡ್ರು ಬಿಡುತ್ತಾರೆಯೇ? ಕಟ್ಟೆಮಳಲವಾಡಿ ಮಾರುಕಟ್ಟೆಯನ್ನೇ ತಲೆ ಮೇಲೆ ಹೊರುತ್ತಾರೆ. ಚಾಕ್‌ಪೀಸ್ ತೆಗೆದು ಬ್ಯಾರನ್ ಗೋಡೆಯ ಮೇಲೆ ಬರೆದೆ. ಪಾಯಿಂಟ್ ನಲವತ್ತೈದು ಎಂಬುದು ಇಂಚಿನ ಲೆಕ್ಕ, ಅಂದರೆ 11.43 ಮಿಲಿಮೀಟರು. ಹತ್ತು ಮೀಟರು ಗಾಳಿ ಪಿಸ್ತೂಲಿನ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಗಲ 11.5 ಮಿಲಿಮೀಟರು. ನಿಮ್ಮ ಫಾರ್ಟಿಫೈವ್ ಗುಂಡು ನಟ್ಟನಡುವೆ ಬಿದ್ದರೆ ಹತ್ತು ಅಂಕವೇ ಮಾಯ, ಅಂಪೈರು ಎಣಿಸುವುದೇನನ್ನು? ಅಂತಾರಾಷ್ಟ್ರೀಯ ಶೂಟಿಂಗ್ ನಿಯಮದ ಸೆಂಟರ್‌ಫೈರ್ ಪಂದ್ಯದಲ್ಲೂ 9.65 ಮಿಲಿಮೀಟರಿಗಿಂತ ದಪ್ಪದ ಗುಂಡಿಗೆ ಜಾಗವಿಲ್ಲ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರ ಚಾಂಗ್‌ವಾನ್ ವಿಶ್ವಕಪ್ಪಿನಲ್ಲಿ ಕಂಚು ಗೆದ್ದದ್ದು ಗಾಳಿ ಪಿಸ್ತೂಲಿನ ಸಣ್ಣ ಕಾಳಿನಿಂದ.

ಗೋಡೆಯನ್ನು ಬಹಳ ಹೊತ್ತು ನೋಡಿ ಗೌಡ್ರು ಒಂದು ಮಾತು ಹೇಳಿದರು. "ಟ್ರ್ಯಾಕ್ಟ್ರು ತಗಂಡು ಕೆಟ್ಟೋರ್ನ ನಾ ನೋಡಿಲ್ಲ ಮೇಷ್ಟ್ರೆ. ಡೀಸೆಲ್ ಹಾಕ್ಸಿ ಕೆಟ್ಟೋರ್ನ ನೋಡಿವ್ನಿ. ಗುಂಡು ಎಷ್ಟಾಯ್ತದೆ ಅದ್ನೇಳಿ." ಪಿಸ್ತೂಲು ಕೊಳ್ಳಲು ಹೊರಟವರಲ್ಲಿ ಬಹಳ ಮಂದಿಗೆ ಹೊಳೆಯದ ಮಾತು ಇದು. ಒಂದು ಪಂದ್ಯಕ್ಕೆ ಅರವತ್ತು ಗುಂಡು, ಎಪ್ಪತ್ತೈದು ನಿಮಿಷ. ತಾಲೀಮಿನಲ್ಲಿ ದಿನವೂ ಅಷ್ಟೋ ಇಷ್ಟೋ ಸುಡಬೇಕು. ಫಾರ್ಟಿಫೈವ್ ಗುಂಡು ಸಿಕ್ಕಿದರೆ ತಾನೆ ರೇಟು ಕೇಳುವುದು? ಗಾಳಿ ಪಿಸ್ತೂಲಿನ ಕಾಳು ಡಬ್ಬಿಯಲ್ಲಿ ನೂರಾರು ಬರುತ್ತದೆ, ಒಂದೊಂದಕ್ಕೆ ಚಿಲ್ಲರೆ ಕಾಸು. 2016ರ ಆಯುಧ ನಿಯಮದಂತೆ ನಾಲ್ಕೂವರೆ ಮಿಲಿಮೀಟರಿನೊಳಗಿನ, ಇಪ್ಪತ್ತು ಜೌಲ್ ಮೀರದ ಗಾಳಿ ಪಿಸ್ತೂಲಿಗೆ ಲೈಸೆನ್ಸೂ ಬೇಡ, ಗುರುತಿನ ಚೀಟಿ ಸಾಕು. ಸ್ವಿಸ್‌ನ ಮೊರಿನಿ, ಆಸ್ಟ್ರಿಯದ ಸ್ಟಯರ್ ಎಂದು ಹೊರಟರೆ ಲಕ್ಷ ದಾಟುತ್ತದೆ, ನಿಜ. ಕಲಿಯುವವರಿಗೆ ನಮ್ಮ ದೇಶದ್ದೇ ಸಾಕು. ಅದಕ್ಕಿಂತ ಮೊದಲು ಕ್ಲಬ್ಬಿಗೆ ಸೇರಿ ಅವರ ಪಿಸ್ತೂಲಲ್ಲಿ ಹೊಡೆದು ನೋಡಿ ಎಂದೆ.

ಇಷ್ಟು ಹೇಳಿದ ಮೇಲೆ ಗೌಡ್ರು ಮಂಕಾದರು. ಲೈಸೆನ್ಸು ಬೇಡ, ಅಲೆದಾಟವಿಲ್ಲ, ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತರುವುದೇ. ಅವರಿಗೆ ಅದರಲ್ಲಿ ಏನು ಸುಖ?

ಸಂಕ್ರಾಂತಿಯ ಸುಮಾರಿಗೆ ಕೆ.ಆರ್. ನಗರದ ಕಡೆಯ ಚುಂಚನಕಟ್ಟೆ ದನಗಳ ಜಾತ್ರೆಯಲ್ಲಿ ಗಂಡ ಹೆಂಡತಿ ಇಬ್ಬರೂ ಸಿಕ್ಕಿದರು. ಬಲೂನು ಹೊಡೆಯುವ ಅಂಗಡಿಯ ಮುಂದೆ ಗೌಡ್ರು ಗಾಳಿಕೋವಿ ಹಿಡಿದು ನಿಂತಿದ್ದರು. ನಳಿಗೆ ಸೊಟ್ಟಗಿದೆ ಎಂದರು. ಗುರಿಕಡ್ಡಿ ಎಡಕ್ಕೆ ವಾಲಿದೆ ಎಂದರು. ಟ್ರಿಗರ್ ಅರ್ಧ ಕೆಜಿಗಿಂತ ಹಗುರ ಇರಬಾರದು ಎಂಬ ನಿಯಮ ನಿನಗೆ ಗೊತ್ತೇ ಎಂದು ಹಿಂದಿ ಬಿಟ್ಟರೆ ಬೇರೆ ಬಾರದ ಅಂಗಡಿ ಹುಡುಗನನ್ನು ಕೇಳಿದರು. ಹಿಂದೆ ಮಕ್ಕಳ ಸಾಲು ಬೆಳೆಯುತ್ತಿತ್ತು. ಗೌಡ್ತಿ ಕಬ್ಬಿನ ಜಲ್ಲೆಯನ್ನು ನನ್ನ ಕೈಗೆ ಕೊಟ್ಟು, ಕೋವಿ ಕಿತ್ತುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಡೆದರು. ಢಪ್. ಇನ್ನೊಂದು ಢಪ್. ನಡುವೆ ಒಂದು ತಪ್ಪಿತು, ಉಳಿದ ಸಾಲು ಪೂರಾ ಹೋಯಿತು. ಹುಡುಗ ಬಹುಮಾನವೆಂದು ಸೋಪಿನ ಡಬ್ಬಿ ಕೊಟ್ಟ.

ಗೌಡ್ರು ಡಬ್ಬಿ ತಿರುಗಿಸಿ ನೋಡಿ, ಇದರ ರೇಟು ಎಷ್ಟು ಎಂದು ಮೊದಲು ಕೇಳಿದರು. ಆಮೇಲೆ ಕೋವಿ, ಬಲೂನು ಹಲಗೆ, ಪಂಪು ಎಲ್ಲದರ ಮೇಲೂ ಕಣ್ಣಾಡಿಸಿ, ಹೆಗಲ ಮೇಲಿನ ಟವೆಲ್ ತೆಗೆದು ಹುಡುಗನ ಕೈ ಮೇಲೆ ಹೊದಿಸಿದರು. ದನದ ವ್ಯಾಪಾರದ ಹಾಗೆ ಒಳಗೊಳಗೇ ಬೆರಳು ಹಿಡಿದು, "ಎಲ್ಲಾ ಸೇರಿ ಎಷ್ಟಕ್ ಬುಡ್ತೀಯ?"

ಹುಡುಗ ಗಾಬರಿಯಲ್ಲಿ ಗೌಡ್ತಿಯ ಕಡೆ ನೋಡಿ, "ಅಮ್ಮಾಜಿ, ಇವ್ರು ನನ್ ಕೈ ಯಾಕ್ ಹಿಡ್ಕೊಂಡಿದಾರೆ?" ಎಂದು ಹಿಂದಿಯಲ್ಲಿ ಕೂಗಿಕೊಂಡ.