ಕಾಲು ಇಳಿಬಿಡಲು ಒಂದು ಕುಣಿ

ನಾನು ಬೆಳೆದ ಗಜೇಂದ್ರಗಡದ ಮನೆಯನ್ನು ಕಟ್ಟಿದ್ದು ನಮಗಾಗಿ ಅಲ್ಲ, ನೂಲಿಗಾಗಿ. ಪಟ್ಟೇದಂಚಿನ ಸೀರೆ ನೇಯುವ ಮನೆತನ ನಮ್ಮದು. ಹತ್ತಿಯ ನೂಲು ಬಲು ನಾಜೂಕು. ಒಣಗಾಳಿ ಬಡಿದರೆ ಎಳೆ ಪಟ್ಟನೆ ಹರಿಯುತ್ತದೆ. ನೆಲದ ತಂಪು ಅದಕ್ಕೆ ತಾಗುತ್ತಿರಲೆಂದು ಮಗ್ಗವನ್ನು ಕುಣಿ ತೋಡಿ ಹೂಡುತ್ತಿದ್ದರು. ಪಡಸಾಲೆಯಲ್ಲಿ ಬೆಳಕಿಂಡಿಯ ಕೆಳಗಿನ ಒಳ್ಳೆಯ ಜಾಗ ಮಗ್ಗಕ್ಕೆ, ತಂಪಾದ ಮೂಲೆ ನೂಲಿನ ಲಡಿಗಳಿಗೆ, ಉಳಿದ ಸಂದಿಗೊಂದಿ ನಮಗೆ. ಗೋಡೆ ದಪ್ಪ, ಕಿಟಕಿ ಸಣ್ಣದು. ನೆಂಟರು ಬಂದರೆ ಕಣ್ಣು ಹೊಂದಿಕೊಳ್ಳುವವರೆಗೆ ಯಾರು ಮಾತಾಡಿಸುತ್ತಿದ್ದಾರೆಂದು ತಿಳಿಯದೆ ಎಲ್ಲರಿಗೂ ನಮಸ್ಕಾರ ಹಾಕುತ್ತಿದ್ದರು.

ಅಜ್ಜ ಊಟಕ್ಕೆ ಎದ್ದ ಹೊತ್ತು ನೋಡಿ ನಾವು ಹುಡುಗರು ಆ ಕುಣಿಯಂಚಿಗೆ ಕೂತು ಕಾಲು ಇಳಿಬಿಡುತ್ತಿದ್ದೆವು. ಹೊರಗೆ ಏಪ್ರಿಲ್ ಬಿಸಿಲಿಗೆ ಗುಡ್ಡದ ಕಲ್ಲು ಕಾದು ಕೆಂಡ. ನಮ್ಮ ಅಂಗಾಲಿಗೆ ಮಾತ್ರ ಮಾಘಮಾಸ. "ಎಳಿ ಹರದ್ರ ನಿಮ್ಮ ಕಿವಿ ಹರೀತೀನಿ ನೋಡ್ರಿ" ಎಂಬುದು ಅಡುಗೆಮನೆಯಿಂದ ಬರುತ್ತಿದ್ದ ಅಜ್ಜನ ಆಶೀರ್ವಾದ.

ಈಗ ಹುಬ್ಬಳ್ಳಿಯಲ್ಲಿ ಸ್ವಂತದ ಮನೆ ಕಟ್ಟಿಸುವ ಯೋಗ ಬಂದಿದೆ. ಎಂಜಿನಿಯರ್ ಮೊದಲು ಕೇಳಿದ್ದು ಬಜೆಟ್. ಅದಕ್ಕೆ ಒಂದು ಸುಳ್ಳು ಹೇಳಿ ಪಾರಾದೆ. "ನಿಮಗ ಎಂಥಾ ಮನಿ ಬೇಕ್ರೀ?" ಎಂಬ ಎರಡನೆಯ ಪ್ರಶ್ನೆಗೆ "ಹಾಲಿನಾಗ ಒಂದು ಕುಣಿ ಇರ್ಲಿ" ಅಂದೆ. ಅವರು ಮೊಬೈಲಿನಲ್ಲಿ ಪರದೇಶದ ಬಂಗಲೆಯೊಂದರ ಚಿತ್ರ ತೆಗೆದು, "ಸಂಕನ್ ಸೀಟಿಂಗ್ ಅನ್ರೀ ಸರ್, ಭಾಳ ಟ್ರೆಂಡ್ ಐತಿ" ಅಂದರು. ತಗ್ಗಿನ ಸುತ್ತ ಮೆತ್ತನೆ ದಿಂಬು, ನಡುವೆ ಗಾಜಿನ ಟೇಬಲ್ಲು. ಲಾಳಿ ಇಡಲು ಜಾಗವಿಲ್ಲ. ಕಿವಿ ಹರಿಯುವ ಅಜ್ಜನೂ ಕಾಣಲಿಲ್ಲ.

ಅವರು ಗೋಡೆಯಗಲಕ್ಕೂ ಕೊಟ್ಟಿದ್ದ ಕಿಟಕಿಯನ್ನು ಸಣ್ಣದು ಮಾಡಿಸಿದೆ. "ಬೆಳಕು ಬ್ಯಾಡೇನ್ರೀ?" ಅಂದರು. ಬೇಕು, ಆದರೆ ಮೇಲಿಂದ ಬೇಕು. ಪಕ್ಕದಿಂದ ನುಗ್ಗುವ ಬೆಳಕು ನನಗೆ ಇವತ್ತಿಗೂ ಹೇಳದೆ ಕೇಳದೆ ಒಳಗೆ ಬಂದವರ ಹಾಗೆ ಅನ್ನಿಸುತ್ತದೆ.

ಗೋಡೆಯ ಬಣ್ಣದ್ದು ಬೇರೆಯೇ ಕಥೆ. ನಮ್ಮೂರ ಕಾಲಕಾಲೇಶ್ವರನಿಗೆ ಈ ಚಿಂತೆಯಿಲ್ಲ. ಯುಗಾದಿಯ ಹಿಂದಿನ ರಾತ್ರಿ ಸುಣ್ಣ, ಕೆಂಪು ಬಣ್ಣ, ಹುಲ್ಲಿನ ಕುಂಚ, ಜೊತೆಗೊಂದು ಹುಕ್ಕಾ ಇಟ್ಟು ಬಂದರೆ ಬೆಳಗಾಗುವುದರೊಳಗೆ ಗುಡಿಗೆ ತಾನಾಗಿ ಸುಣ್ಣ ಹತ್ತಿರುತ್ತದೆ ಎಂಬುದು ಭಕ್ತರ ನಂಬಿಕೆ. ನಮ್ಮ ಮನೆಗೆ ಬಳಿಯುವವರು ನಾವೇ. ಹುಕ್ಕಾ ಇರಲಿ, ಚಹಾ ಸಿಗುವುದೂ ಕಷ್ಟವಿತ್ತು. ಆದರೂ ಪೇಂಟಿನ ಅಂಗಡಿಯವನು ಹತ್ತಾರು ನಮೂನೆಯ ಬಿಳಿ ಬಣ್ಣದ ಪುಸ್ತಕ ಬಿಚ್ಚಿದಾಗ ನನ್ನ ಕಣ್ಣು ಹುಡುಕಿದ್ದು, ಒರಗಿದರೆ ಅಂಗಿಗೆ ಹತ್ತುವ ಆ ಬಿಳುಪನ್ನೇ. ಅದು ಅವನ ಪುಸ್ತಕದಲ್ಲಿ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಮನೆ ಇಷ್ಟೊತ್ತಿಗೆ ಲಿಂಟಲ್ ಮಟ್ಟಕ್ಕೆ ಬರುತ್ತಿತ್ತು. ನನ್ನ ಹೆಂಡತಿ ಶಿರಸಿ ಕಡೆಯವಳು. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ಹಬ್ಬ. ಅವಳ ತವರಿನಲ್ಲಿ ಅದು ಒಂದೇ ತಿಂಗಳ ಲೆಕ್ಕವಾದೀತು. ನಮ್ಮ ಮೇಲ್ಮುದ್ದೆ ಮನೆಗಳಲ್ಲಿ ಜಂತಿಯ ಮೇಲೆ ಕಡ್ಡಿ-ಸೊಪ್ಪು ಹಾಸಿ, ಅದರ ಮೇಲೆ ಹಾಳುಮಣ್ಣು ಹಾಕಿ ಬಡಿದರೆ ಮಾಳಿಗೆ ಆಯಿತು. ಅಲ್ಲೇ ಮೆಣಸಿನಕಾಯಿ, ಅಲ್ಲೇ ಸಂಡಿಗೆ, ಬೇಸಿಗೆಯಲ್ಲಿ ಅಲ್ಲೇ ಹಾಸಿಗೆ. ಮಾಡಿನ ಮೇಲೆ ಮನುಷ್ಯರು ಮಲಗುತ್ತಾರೆಂದು ಮದುವೆಯಾದ ಹೊಸದರಲ್ಲಿ ಅವಳಿಗೆ ನಂಬಿಕೆಯೇ ಬರಲಿಲ್ಲ. ಅವಳ ಪ್ರಕಾರ ಮಾಡೆಂದರೆ ಇಳಿಜಾರು, ಹೆಂಚು, ಕೆಳಗೆ ಅಟ್ಟ. ಮಳೆಗಾಲದಲ್ಲಿ ಅದರ ಸದ್ದಿಗೆ ಗಂಡನ ಮಾತು ಕೇಳಿಸಬಾರದು. ಈ ಕೊನೆಯ ಅನುಕೂಲದ ಮೇಲೆ ಅವಳು ವಿಶೇಷ ಒತ್ತು ಕೊಟ್ಟಳು.

ಸಂಧಾನ ನಮ್ಮೂರಿಗೆ ಹೊಸದೇನಲ್ಲ. 1787ರಲ್ಲಿ ಮರಾಠರೂ ಟಿಪ್ಪು ಸುಲ್ತಾನನೂ ಒಪ್ಪಂದ ಮಾಡಿಕೊಂಡದ್ದು ಗಜೇಂದ್ರಗಡದಲ್ಲಿಯೇ; ಬಾದಾಮಿ ಮರಾಠರ ಪಾಲಾಯಿತು. ಆ ಪರಂಪರೆಯ ಬಲದಿಂದ ನಾವೂ ಒಂದು ತೀರ್ಮಾನಕ್ಕೆ ಬಂದೆವು: ಮುಂದಿನ ಅರ್ಧಕ್ಕೆ ಹೆಂಚಿನ ಇಳಿಜಾರು, ಹಿಂದಿನ ಅರ್ಧಕ್ಕೆ ಮಟ್ಟಸ ಮಾಳಿಗೆ. ಬಾದಾಮಿ ಬಿಟ್ಟುಕೊಟ್ಟವರು ಯಾರು ಎಂಬುದೊಂದು ಇನ್ನೂ ಇತ್ಯರ್ಥವಾಗಿಲ್ಲ. ಎರಡೂ ಮಾಡು ಕೂಡುವಲ್ಲಿ ನೀರು ಸೋರುವುದು ಖಾತ್ರಿ ಎಂದು ಎಂಜಿನಿಯರ್ ಹೇಳಿದರು. ಸೋರಿದರೆ ತವರಿನ ನೆನಪಾಗುತ್ತದೆ ಅಂದಳು ಹೆಂಡತಿ.

ನಕ್ಷೆಯನ್ನು ಮಗಳ ಮುಂದೆ ಹರಡಿದೆವು. ಅವಳು ಹುಟ್ಟಿದ್ದು ಬೆಳೆದದ್ದೆಲ್ಲ ಬಾಡಿಗೆ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ಕುಣಿ, ಬೆಳಕಿಂಡಿ, ಹೆಂಚು, ಮಾಳಿಗೆ ಎಲ್ಲದರ ಮೇಲೂ ಬೆರಳಾಡಿಸಿ ನೋಡಿದಳು.

"ಎಲ್ಲಾ ಛಲೋ ಐತಿ ಪಪ್ಪಾ," ಅಂದಳು. "ಲಿಫ್ಟ್ ಎಲ್ಲೈತಿ?"

ಒಂದೇ ಅಂತಸ್ತಿನ ಮನೆಯವ್ವಾ ಅಂದೆ. ಅವಳ ಮುಖ ಸಣ್ಣದಾಯಿತು. ನಾಳೆ ಎಂಜಿನಿಯರ್‌ಗೆ ಫೋನ್ ಮಾಡಬೇಕು.