ಹ್ಯಾಂಡ್ಲಿಂಗ್ ಚಾರ್ಜ್

(ಜತ್ತಿನ ಒಂದು ಬೈಕ್ ಶೋರೂಮು. ಕೋಟೇಶನ್ ಹಿಡಿದ ಡಫಳಾಪುರದ ದ್ರಾಕ್ಷಿ ಬೆಳೆಗಾರ ಕಾಕಾ.)

ಕಾಕಾ: 2025ರ ಸೆಪ್ಟೆಂಬರ್ 22ಕ್ಕ 350 ಸಿಸಿ ತನಕ ಜಿಎಸ್‌ಟಿ 28ರಿಂದ 18ಕ್ಕ ಇಳೀತು. ನಿನ್ನ ಚೀಟ್ಯಾಗ ರೇಟು ಯಾಕ ಇಳಿದಿಲ್ಲೋ ತಮ್ಮಾ?

ಸೇಲ್ಸ್‌ಮನ್: ಸರ್ಕಾರ ಇಳಿಸಿದ ಜಾಗಾ ಖಾಲಿ ಬಿಡಬಾರದ್ರಿ ಕಾಕಾ. ಆಕ್ಸೆಸರಿ ಕಿಟ್ ತುಂಬೇವಿ.

ಕಾಕಾ: ಈ ಹ್ಯಾಂಡ್ಲಿಂಗ್?

ಸೇಲ್ಸ್‌ಮನ್: ಗೋಡೌನಿನಿಂದ ಇಲ್ಲೀತನಕ ನೂಕಿದ್ದಕ್ಕ.

ಕಾಕಾ: ನಾನೂ ಊರತನಕ ನೂಕ್ಕೋತ ಹೋಗ್ತೀನಿ, ನನಗೆಷ್ಟು ಕೊಡ್ತಿ? ಇರಲಿ, ಇನ್ಶೂರೆನ್ಸ್ ಹೊರಗ ಮಾಡಸ್ತೀನಿ. ಕಾಯ್ದೇದಾಗ ಅಡ್ಡಿ ಇಲ್ಲ.

ಸೇಲ್ಸ್‌ಮನ್: ಕಾಯ್ದೇದಾಗ ಇಲ್ರಿ, ನಮ್ಮ ಕಂಪ್ಯೂಟರಿನ್ಯಾಗ ಐತಿ.

ಕಾಕಾ: ಹೆಲ್ಮೆಟ್? ಕೇಂದ್ರ ಮೋಟಾರು ವಾಹನ ನಿಯಮ 138ರಂಗ ಗಾಡಿ ಜೋಡಿ ಕೊಡಬೇಕಲ್ಲ?

ಸೇಲ್ಸ್‌ಮನ್: ಕೊಡ್ತೀವಲ್ರಿ, ಬಿಲ್ಲಿನ ಜೋಡಿ.

(ಜಾಹೀರಾತಿನ ಬೆಲೆಗೇ ಗಾಡಿ ತಂದವರನ್ನು ಈ ಲೇಖಕ ಇನ್ನೂ ಕಂಡಿಲ್ಲ.)

ಕಾಕಾ: ಕಡೀಕ ಹೆಸರಿಲ್ಲದ ಒಂದು ರಕಮು ಐತಿ?

ಸೇಲ್ಸ್‌ಮನ್: ನೀವ ಒಂದು ಹೆಸರಿಡ್ರಿ. ಹೆಸರಿಡೋ ಖರ್ಚು ಬ್ಯಾರೆ.