ಹೊಗೆ ಇಲ್ಲ ಅಣ್ಣ, ಬಾಗಿಲು ಹಾಕ್ಕೊಳ್ಳಿ!

ಜಂಗಮಕೋಟೆ ಹೋಬಳಿಯ ಒಂದು ರೇಷ್ಮೆ ಹುಳು ಮನೆ. ಡಿಸೆಂಬರ್ ಚಳಿ. ಮೂಲೆಯಲ್ಲಿ ಇದ್ದಿಲ ಕೆಂಡ ತುಂಬಿಕೊಂಡು ಕೂತಿದ್ದ ಕಬ್ಬಿಣದ ಬಾಂಡ್ಲಿ ಸಂದರ್ಶನಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಒಳಗೆ ಬರಬೇಕು, ಬಾಗಿಲು ಹಾಕಬೇಕು. ನಾನು ಹೊಸ್ತಿಲಾಚೆಯೇ ಕುರ್ಚಿ ಹಾಕಿಸಿಕೊಂಡೆ.

ಪ್ರಶ್ನೆ: ಹೋಬಳಿಯಲ್ಲಿ ಎಲ್ಲರ ಬಾಯಲ್ಲೂ ಕೈಗಾರಿಕಾ ಮಂಡಳಿ ಕೆಐಎಡಿಬಿ, ಅದರ ಭೂಸ್ವಾಧೀನ. ತಮ್ಮನ್ನು ಮಾತಾಡಿಸೋರೇ ಇಲ್ಲವಂತೆ?

ಬಾಂಡ್ಲಿ: ಒಳ್ಳೇದೇ ಆಯ್ತು ಬಿಡಣ್ಣ. ನನ್ನ ಕೆಲಸಕ್ಕೆ ಪ್ರಚಾರ ಆಗಿಬರಲ್ಲ.

ಪ್ರಶ್ನೆ: ಕೆಲಸ ಅಂದರೆ?

ಬಾಂಡ್ಲಿ: ಹುಳು ಬೆಚ್ಚಗಿಡೋದು. ಚಾಕಿ ಹುಳುಗೆ, ಅಂದ್ರೆ ಮರಿ ಹುಳುಗೆ, 26ರಿಂದ 28 ಡಿಗ್ರಿ ಬೇಕು. ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗೋ ಗೂಡಿನಲ್ಲಿ ನನ್ನ ಪಾಲೂ ಇದೆ. ಹೀಟರ್ ಬಂದ ಮೇಲೆ ಅರ್ಧ ನೌಕರಿ ಹೋಯ್ತು. ಆದ್ರೂ ರಾತ್ರಿ ಕರೆಂಟು ಹೋದ್ರೆ ನನ್ನೇ ಹುಡುಕ್ಕೊಂಡು ಬರ್ತಾರೆ.

ಪ್ರಶ್ನೆ: ಹುಳು ಮನೆ ಬಿಟ್ಟು ಮನುಷ್ಯರ ಮನೆಗೂ ಹೋಗುತ್ತೀರಂತೆ.

ಬಾಂಡ್ಲಿ: ಕರೀತಾರೆ, ಹೋಗ್ತೀನಿ. ಮೊದಲು ಅಂಗಳದಲ್ಲಿ ಉರಿಸಿ, ಹೊಗೆಯೆಲ್ಲ ಹೋದ ಮೇಲೆ ಬರೀ ಕೆಂಡ ಒಳಗೆ ತರ್ತಾರೆ. 'ಹೊಗೆ ಇಲ್ಲ, ಇನ್ನೇನೂ ಭಯ ಇಲ್ಲ' ಅಂತ ಕದ ಹಾಕ್ಕೋತಾರೆ. ಕೆಂಡಕ್ಕೆ ಗಾಳಿ ಸಾಲದೆ ಇದ್ದಿಲು ಅರೆಬರೆ ಉರಿಯೋವಾಗಲೇ ಕಾರ್ಬನ್ ಮೊನಾಕ್ಸೈಡ್ ಹೆಚ್ಚೆಚ್ಚು ಹುಟ್ಟೋದು. ಬಣ್ಣ ಇಲ್ಲ, ವಾಸನೆ ಇಲ್ಲ, ಗಂಟಲು ಕೆರೆಯಲ್ಲ. ಅಡುಗೆ ಗ್ಯಾಸಿಗಾದ್ರೆ ಬೇಕಂತಲೇ ಕೆಟ್ಟ ವಾಸನೆ ಬೆರೆಸಿರ್ತಾರೆ, ಸೋರಿದ್ರೆ ಮೂಗಿಗೆ ತಿಳೀಲಿ ಅಂತ. ನಮ್ಮ ಹುಡುಗನಿಗೆ ಅಂಥದ್ದು ಬೆರೆಸೋರು ಯಾರು?

ಪ್ರಶ್ನೆ: ಒಳಗೆ ಹೋಗಿ ಅವನು ಮಾಡುವುದೇನು?

ಬಾಂಡ್ಲಿ: ಚಿಂತಾಮಣಿ ಬಸ್ಸಲ್ಲಿ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯೋರನ್ನ ನೋಡಿದ್ದೀರಲ್ಲ? ರಕ್ತದ ಹಿಮೋಗ್ಲೋಬಿನ್ ಮೇಲೆ ಹಂಗೇ. ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಕೂರ್ತಾನೆ. ಆಕ್ಸಿಜನ್ ಫುಟ್‌ಬೋರ್ಡಲ್ಲಿ ನೇತಾಡ್ತಿರ್ತದೆ. ತಲೆ ನೋವು, ವಾಕರಿಕೆ, ಮಂಪರು. ಜನ 'ಶೀತ ಆಗಿದೆ, ಇನ್ನೊಂದು ಕಂಬಳಿ ಹೊದ್ದುಕೋ' ಅಂತಾರೆ. ನನಗೆ ಇದಕ್ಕಿಂತ ಒಳ್ಳೇ ವೈದ್ಯರು ಬೇಕಾ?

ಪ್ರಶ್ನೆ: ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಮನೆಯಲ್ಲಿದೆ. ಬೆರಳಿಗೆ ಸಿಕ್ಕಿಸಿದರೆ ನಿಮ್ಮ ಬಣ್ಣ ಬಯಲು!

ಬಾಂಡ್ಲಿ: ಸಿಕ್ಕಿಸಿ, ಸಿಕ್ಕಿಸಿ. 98 ತೋರಿಸ್ತದೆ. ಸೀಟು ತುಂಬಿದೆಯಾ ಅಂತ ನೋಡ್ತದೆ ಹೊರತು ಕೂತಿರೋನು ಯಾರು ಅಂತ ಆ ಮಿಷನ್ನು ಕೇಳಲ್ಲ.

ಪ್ರಶ್ನೆ: ಕ್ಯಾರವಾನ್‌ನಂಥ ಐಷಾರಾಮಿ ಗಾಡಿಯಲ್ಲಿ ಮಲಗುವವರಿಗೆ ಬಾಂಡ್ಲಿಯ ಕಾಟ ಇಲ್ಲ ಅನ್ನಬಹುದೇ?

ಬಾಂಡ್ಲಿ: ಅಲ್ಲಿ ನಮ್ಮ ದಾಯಾದಿ ಜನರೇಟರ್ ಇದ್ದಾನಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್‌ನಲ್ಲಿ ಏಸಿ ಹಾಕ್ಕೊಂಡು ಮಲಗಿದ ಇಬ್ಬರು ಏಳಲೇ ಇಲ್ಲ. ಆಮೇಲೆ ಕ್ಯಾಲಿಕಟ್ ಎನ್‌ಐಟಿಯ ತಜ್ಞರು ಅದೇ ಗಾಡಿಯಲ್ಲಿ ಜನರೇಟರ್ ಓಡಿಸಿ ನೋಡಿದ್ರು. ವಿಷಾನಿಲ ಒಳಗೆ ನುಗ್ತಿತ್ತು. ಹಾಸಿಗೆ, ಏಸಿ, ಅಡುಗೆಮನೆ ಎಲ್ಲ ಇರೋ ಗಾಡಿಗೆ ಗೋಡೆಗೆ ನೇತುಹಾಕೋ ಪುಟ್ಟ ಕಾರ್ಬನ್ ಮೊನಾಕ್ಸೈಡ್ (ಸಿಒ) ಅಲಾರ್ಮ್ ಒಂದೇ ದುಬಾರಿ ಅನ್ನಿಸ್ತದೆ ನೋಡಿ. ಅದು ಹೊಗೆ ಅಲಾರ್ಮ್ ಅಲ್ಲ, ಬೇರೆಯದು. ಅದರ ವಿಚಾರ ಜೋರಾಗಿ ಬರೀಬೇಡಿ.

ಪ್ರಶ್ನೆ: ನಂದಿ ಬೆಟ್ಟ, ಆವಲಬೆಟ್ಟದ ಕಡೆ ಟೆಂಟ್ ಹಾಕುವ ಬೆಂಗಳೂರಿನವರು?

ಬಾಂಡ್ಲಿ: ಬಾರ್ಬೆಕ್ಯೂ ಮುಗಿದ ಮೇಲೆ ಕೆಂಡ ದಂಡ ಆಗಬಾರದು ಅಂತ ಟೆಂಟಿನೊಳಗೆ ಎಳ್ಕೊಳ್ಳೋರೂ ಇದ್ದಾರೆ. ಮಿತವ್ಯಯಿಗಳು, ಪಾಪ.

ಪ್ರಶ್ನೆ: ಕಿಟಕಿ ಒಂದಿಷ್ಟು ಸಂದು ಬಿಟ್ಟರೆ?

ಬಾಂಡ್ಲಿ: ನನ್ನನ್ನ ನಂಬಿದ್ರೆ, ಸಂದಷ್ಟೇ ಬಿಟ್ಟು ಮಲಗಿ. ನಂಬದೇ ಇದ್ರೆ, ಮಲಗೋ ಮೊದಲು ನನ್ನನ್ನ ಅಂಗಳಕ್ಕೆ ಎಸೀತೀರಿ. ತಲೆ ಸುತ್ತಿದ್ರೆ ಹೊರಗೆ ಓಡಿ ಆಸ್ಪತ್ರೆಗೆ ಹೋಗಿ ಆಕ್ಸಿಜನ್ ತಗೋತೀರಿ. ನನಗೆ ನಷ್ಟ.

ಪ್ರಶ್ನೆ: ಈ ಹುಳು ಮನೆಗೆ ಮೇಲೊಂದು ಕಿಂಡಿ, ಕೆಳಗೊಂದು ಕಿಂಡಿ ಇದೆಯಲ್ಲ?

ಬಾಂಡ್ಲಿ: ಹುಳುಗೆ ಗಾಳಿ ಬೇಡ್ವಾ ಅಣ್ಣ? ಕೆಟ್ಟ ಗಾಳಿಗೆ ಹುಳು ಸೊಪ್ಪು ತಿನ್ನಲ್ಲ, ಬೆಳೆ ಹೋಗ್ತದೆ, ಸಾಲ ತೀರಲ್ಲ. ಯಜಮಾನರು ಮಲಗೋ ಕೋಣೆ ಪಕ್ಕದಲ್ಲೇ ಇದೆ. ಅದಕ್ಕಿದ್ದ ಒಂದು ಕಿಂಡಿಗೂ ಮೊನ್ನೆ ಗೋಣಿ ತುರುಕಿದ್ರು. ಒಂಬತ್ತು ಗಂಟೆ ಆಯ್ತಾ? ಅಲ್ಲಿಗೆ ಕರೆಯೋ ಹೊತ್ತಾಯ್ತು.